ಮೈಲುತುತ್ತದಲ್ಲಿ ತೇಲಿದ ಹನಿ

ಅಕ್ಕನ ಹೆರಿಗೆಯ ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ನಾವು ಹದಿನೇಳು ಮಂದಿ ಇದ್ದೆವು. 2024ರ ಮಾರ್ಚ್ ತಿಂಗಳು. ಊರಲ್ಲಿ ಒಣದ್ರಾಕ್ಷಿ ಕೆಲಸ ಜೋರಾಗಿತ್ತು. ಆದರೂ ಶೆಡ್ಡು ಬಿಟ್ಟು ಕಾಕಂದಿರು, ಮಾವಂದಿರು ಎಲ್ಲರೂ ವಿಜಯಪುರಕ್ಕೆ ಬಂದಿದ್ದರು. ಕೂಸು ಹುಟ್ಟಿತು, ಹೆಣ್ಣು. ಪೇಢೆ ತರಲು ಒಬ್ಬರು ಹೊರಟೂ ಆಗಿತ್ತು. ಅಷ್ಟರಲ್ಲಿ ನರ್ಸ್ ಹೊರಗೆ ಬಂದರು.

"ರಕ್ತ ಹೋಗೂದು ನಿಲ್ಲವಲ್ದು. ಓ ಪಾಸಿಟಿವ್ ಎರಡು ಬಾಟ್ಲಿ ಬೇಕು. ಬದಲಿ ಕೊಡೋರು ಯಾರಿದ್ದೀರಿ?"

ಹದಿನೇಳು ಮಂದಿಯಲ್ಲಿ ತಮ್ಮ ರಕ್ತದ ಗುಂಪು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬರು ಇನ್ಸುಲಿನ್ ಚುಚ್ಚಿಕೊಳ್ಳುವವರು, ಅವರಿಂದ ತೆಗೆದುಕೊಳ್ಳುವಂತಿಲ್ಲ. ಇನ್ನೊಬ್ಬಳು ನಾನು. ನನಗೆ ಆಗ ಜ್ವರ ಬಂದು ಹೋಗಿ ಮೂರು ದಿನ ಆಗಿತ್ತು, ಬೇಡ ಅಂದರು. ಉಳಿದವರು ಒಬ್ಬೊಬ್ಬರಾಗಿ ಫೋನ್ ಕಿವಿಗೆ ಹಿಡಿದು ಮೆಟ್ಟಿಲು ಇಳಿದರು. ಅವರು ಕೆಟ್ಟವರಲ್ಲ. ಅಕ್ಕನ ಮದುವೆಗೆ ಸಾಲ ತಂದುಕೊಟ್ಟವರು ಅವರೇ. ಆದರೆ ಸೂಜಿ, ರಕ್ತ ಅಂದ ಕೂಡಲೇ ಅವರ ಮುಖದ ಕಳೆಯೇ ಹೋಗಿತ್ತು.

ರಕ್ತನಿಧಿಯವರು ಎರಡು ಬಾಟಲಿ ಕೊಟ್ಟರು. ಬದಲಿಗೆ ಕೊಡಲು ರಾತ್ರಿ ಒಂದರ ಸುಮಾರಿಗೆ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು. ಕಾಲೇಜು ಹುಡುಗರು, ನಮ್ಮ ಪರಿಚಯದವರಲ್ಲ. ಅಪ್ಪ ಕೈ ಮುಗಿದು ಹೆಸರು ಕೇಳಿದರು. "ಗ್ರೂಪ್‌ನಾಗ ಮೆಸೇಜ್ ಬಂದಿತ್ರಿ ಕಾಕಾ, ಅದಕ್ಕ ಬಂದ್ವಿ" ಅಂದು, ಜ್ಯೂಸ್ ಕುಡಿದು ಹೊರಟು ಹೋದರು. ಅಕ್ಕ ಉಳಿದಳು.

ಆ ರಾತ್ರಿ ರಕ್ತನಿಧಿಯ ಟೆಕ್ನಿಷಿಯನ್ ಒಂದು ಮಾತು ಹೇಳಿದರು. ಆಗ ಕೊಟ್ಟ ರಕ್ತವನ್ನು ಆಗಲೇ ಒಯ್ದು ರೋಗಿಗೆ ಹಾಕುವುದಿಲ್ಲವಂತೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಈ ಐದೂ ಪರೀಕ್ಷೆ ಆಗಬೇಕು. ಅಂದರೆ ಅಕ್ಕನ ಮೈಗೆ ಹೋದ ರಕ್ತ ಯಾರೋ ಮೊದಲೇ ಬಂದು ಕೊಟ್ಟು ಹೋಗಿದ್ದು. ಫ್ರಿಜ್ಜಿನಲ್ಲಿ ಆ ಎರಡು ಬಾಟಲಿ ಇರದಿದ್ದರೆ, ಊರ ತುಂಬ ಬಳಗ ಇದ್ದೂ ಪ್ರಯೋಜನ ಇರಲಿಲ್ಲ. ಈ ಮಾತು ನನ್ನ ತಲೆಯಿಂದ ಹೋಗಲಿಲ್ಲ.

ನಮ್ಮೂರು ತಿಕೋಟಾ ಕಡೆಯದು, ದ್ರಾಕ್ಷಿಯ ನಾಡು. ಏಪ್ರಿಲ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ, ಮುಗಿದ ಮೇಲೆ ಏಳು ಮಂದಿ ಕೂಡಿದೆವು. ನಾನು, ನನ್ನ ಜೊತೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಇಬ್ಬರು, ಟ್ರ್ಯಾಕ್ಟರ್ ಓಡಿಸುವ ಒಬ್ಬ, ತೋಟಕ್ಕೆ ಔಷಧ ಹೊಡೆಯುವ ಇಬ್ಬರು, ಮತ್ತೆ ಮನೆಯಲ್ಲೇ ಬ್ಲೌಸ್ ಹೊಲಿಯುವ ನನ್ನ ಗೆಳತಿ. ಎಲ್ಲರೂ ಇಪ್ಪತ್ತೈದರ ಒಳಗಿನವರು. ನಮ್ಮ ಊರಲ್ಲೇ ರಕ್ತದಾನ ಶಿಬಿರ ಮಾಡೋಣ ಅಂದೆ. ಒಬ್ಬನೂ ಬೇಡ ಅನ್ನಲಿಲ್ಲ.

ರಕ್ತನಿಧಿಗೆ ಹೋಗಿ ಕೇಳಿದಾಗ ಅವರು ತಮ್ಮ ಕಷ್ಟ ಬಿಚ್ಚಿಟ್ಟರು. ವಾಹನ, ಡಾಕ್ಟರ್, ನರ್ಸ್, ಎಲ್ಲರನ್ನೂ ಕರೆದುಕೊಂಡು ಬರಬೇಕು. ಹತ್ತು ಮಂದಿ ಬಂದರೆ ಗಿಟ್ಟುವುದಿಲ್ಲ. ಕನಿಷ್ಠ ಐವತ್ತು ಹೆಸರು ಬರೆದು ತನ್ನಿ ಅಂದರು. ಹಾಗಂತ ನೂರಾರು ಮಂದಿಯನ್ನು ಒಂದೇ ದಿನ ಕೂಡಿಸುವುದೂ ಒಳ್ಳೆಯದಲ್ಲವಂತೆ. ಕೆಂಪುಕಣ 2ರಿಂದ 6 ಡಿಗ್ರಿ ತಂಪಿನಲ್ಲಿ ಇಟ್ಟರೂ ಸಾಮಾನ್ಯ ಚೀಲದಲ್ಲಿ 35 ದಿನ ಮಾತ್ರ ಬಾಳುತ್ತದೆ. ಪ್ಲೇಟ್‌ಲೆಟ್ ಅಂತೂ 5 ದಿನ ಅಷ್ಟೇ. ವರ್ಷಕ್ಕೊಂದು ದೊಡ್ಡ ಶಿಬಿರಕ್ಕಿಂತ ನಾಲ್ಕು ತಿಂಗಳಿಗೊಂದು ಸಣ್ಣದು ಮೇಲು ಅಂತ ಆಗಲೇ ನನಗೆ ಅನ್ನಿಸಿತ್ತು.

ದಿನ ಗೊತ್ತು ಮಾಡುವುದೇ ದೊಡ್ಡ ತಲೆಬಿಸಿ ಆಯಿತು. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ಅವತ್ತೇ ಮಾಡೋಣ ಎಂದು ಮೊದಲು ಅಂದುಕೊಂಡೆವು. ಆದರೆ ಅದು ಅಕ್ಟೋಬರ್ ಚಾಟ್ನಿ ಹೊತ್ತು. ಬಳ್ಳಿ ಬಿಟ್ಟು ಯಾರು ಬರ್ತಾರೆ? ಅದಕ್ಕೂ ಮುಂಚೆ ಶ್ರಾವಣ. ಸೋಮವಾರ ಉಪವಾಸ, ಶನಿವಾರ ಕೆಲವರದು ಉಪವಾಸ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವಂತಿಲ್ಲ. ಲೆಕ್ಕ ಹಾಕಿ ಹಾಕಿ, ನಾಗರ ಪಂಚಮಿ ಮುಗಿದ ಮೇಲಿನ ಭಾನುವಾರ, 2024ರ ಆಗಸ್ಟ್ 11 ಎಂದು ಗಟ್ಟಿ ಮಾಡಿದೆವು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಇರುತ್ತಾರೆ. ಮನೆಮನೆಯಲ್ಲಿ ಉಂಡಿ ಇರುತ್ತವೆ.

ಒಂದು ನೋಟ್‌ಬುಕ್ ಹಿಡಿದು ಮನೆ ಮನೆ ತಿರುಗಿದೆವು. ಅಂಜಿಕೆ ಎಷ್ಟೊಂದು ನಮೂನೆಯದು ಅಂತ ಆಗ ತಿಳಿಯಿತು. "ಬಿಸಿಲಾಗ ದುಡಿಯೋ ಮೈ ಇದು. ರಕ್ತ ಕೊಟ್ರ ಸಲಿಕಿ ಎತ್ತಾಕ ಬಲ ಎಲ್ಲಿಂದ ಬರ್ತದ?" ಎಂದರು ಒಬ್ಬರು. ಮದುವೆ ಗೊತ್ತಾದ ಹುಡುಗನ ತಾಯಿ ಬಾಗಿಲಲ್ಲೇ ತಡೆದರು. ಇನ್ನೊಬ್ಬ ಮಾವ, "ಒಂದು ಬಾಟ್ಲಿಗೆ ಎಷ್ಟು ಕೊಡ್ತಾರವಾ?" ಎಂದು ಮೆಲ್ಲಗೆ ಕೇಳಿದರು. ಮೊದಲೆಲ್ಲ ದುಡ್ಡಿಗೆ ರಕ್ತ ಮಾರುವುದು ಇತ್ತು ಮಾವ, ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟ ಮೇಲೆ 1998ರಿಂದ ಅದು ಬಂದ್ ಆಗಿದೆ ಎಂದು ವಿವರಿಸಿದೆ. ಬಡವರು ಹಸಿವಿಗೆ ಮತ್ತೆ ಮತ್ತೆ ಮಾರುತ್ತಿದ್ದರು, ರೋಗ ಮುಚ್ಚಿಡುತ್ತಿದ್ದರು, ಅದಕ್ಕೆ. ಮಾವ ಸುಮ್ಮನೆ ತಲೆ ಆಡಿಸಿದರು. ಮರುದಿನ ತಾವೇ ಬಂದು ಹೆಸರು ಬರೆಸಿದರು.

ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ, ತೆಗೆಯುವುದು 350 ಮಿಲಿಲೀಟರ್, ನೀರಿನಂಶ ಒಂದೆರಡು ದಿನದಲ್ಲಿ ತುಂಬುತ್ತದೆ, ಕೆಂಪುಕಣಕ್ಕೆ ಕೆಲವು ವಾರ ಬೇಕು. ಇದನ್ನು ನೂರು ಸಲ ಹೇಳಿರಬೇಕು. ಕೆಲಸ ಮಾಡಿದ್ದು ಮಾತ್ರ ದೊಡ್ಡಪ್ಪನ ಮಾತು. ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತಾಗ ಅವರು ಹೇಳಿದರು: "ಬರ ಬಿದ್ದಾಗ ಟ್ಯಾಂಕರ್ ನೀರು ಕೊಂಡು ತಂದು ಬಳ್ಳಿ ಉಳಿಸ್ಕೊಂಡೀವಿ ಅಲ್ಲೇನು? ನೀರು ಕೊಟ್ಟ ಬಾವಿ ಬತ್ತಿತೇನು? ಒಂದು ರಾತ್ರಿ ಬಿಟ್ರ ಮತ್ತ ಊರಿತು. ಇದೂ ಹಂಗ." ಕಟ್ಟೆಯ ಮೇಲಿದ್ದವರಲ್ಲಿ ಆರು ಮಂದಿ ಅಲ್ಲೇ ಹೆಸರು ಹೇಳಿದರು. ಮಾರ್ಚ್ ತಿಂಗಳಲ್ಲಿ ಮೆಟ್ಟಿಲು ಇಳಿದು ಹೋದವರಲ್ಲಿ ದೊಡ್ಡಪ್ಪ ಕೂಡ ಒಬ್ಬರು. ನಾನದನ್ನು ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಒಟ್ಟು 63 ಹೆಸರು ಆದವು.

ಅವತ್ತು ಬೆಳಿಗ್ಗೆ ಶಾಲೆಯ ಎರಡು ಕೋಣೆ ತೊಳೆದೆವು. ಬೆಂಚು ಜೋಡಿಸಿದೆವು. ಹತ್ತು ಗಂಟೆಗೆ ವಾಹನ ಬಂತು, ಹತ್ತೂಕಾಲಿಗೆ ಕರೆಂಟ್ ಹೋಯಿತು. ಟ್ರ್ಯಾಕ್ಟರ್ ಹುಡುಗ ಹೋಗಿ ಮದುವೆ ಪೆಂಡಾಲಿನವರ ಜನರೇಟರ್ ಎಳೆದು ತಂದ. ಅಷ್ಟರಲ್ಲಿ ಅಕ್ಕ ಐದು ತಿಂಗಳ ಕೂಸನ್ನು ಎತ್ತಿಕೊಂಡು ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಹಾಲುಣಿಸುವ ತಾಯಿ, ಅವಳು ಕೊಡುವಂತಿಲ್ಲ. ಭಾಷಣ ಏನೂ ಮಾಡಲಿಲ್ಲ. ಬಂದವರೆಲ್ಲ ಕೂಸಿನ ಗಲ್ಲ ಮುಟ್ಟಿ ಒಳಗೆ ಹೋದರು. ಅವಳು ಅಲ್ಲಿ ಕೂತದ್ದು ನಮ್ಮ ಒಂದು ತಿಂಗಳ ತಿರುಗಾಟಕ್ಕಿಂತ ಜಾಸ್ತಿ ಆಯಿತು ಅಂತ ಈಗಲೂ ಅನ್ನುತ್ತೇನೆ.

ಮೊದಲು ತೂಕ. 45 ಕೆಜಿಗಿಂತ ಕಡಿಮೆ ಇದ್ದರೆ ಆಗಲ್ಲ. ಆಮೇಲೆ ಫಾರಂ. ಕಾಮಾಲೆ ಆಗಿತ್ತಾ, ಯಾವ ಗುಳಿಗೆ ನಡೆದಿದೆ, ರಾತ್ರಿ ನಿದ್ದೆ ಆಗಿದೆಯಾ, ಊಟ ಆಗಿದೆಯಾ. ಕೆಲವು ಪ್ರಶ್ನೆಗಳನ್ನು ಡಾಕ್ಟರ್ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಹಿಂದಿನ ತಿಂಗಳು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ ಹುಡುಗನನ್ನು ಒಂದು ವರ್ಷ ಬಿಟ್ಟು ಬಾ ಅಂತ ಕಳಿಸಿದರು. ರಾತ್ರಿ ಕುಡಿದು ಬಂದಿದ್ದ ಇಬ್ಬರನ್ನೂ ಕಳಿಸಿದರು.

ಆಮೇಲೆ ಹಿಮೋಗ್ಲೋಬಿನ್. ಮೇಜಿನ ಮೇಲೆ ಒಂದು ಗಾಜಿನ ಪಾತ್ರೆ, ಅದರಲ್ಲಿ ತಿಳಿ ನೀಲಿ ನೀರು. ಬೆರಳ ತುದಿಗೆ ಚುಚ್ಚಿ, ಸಣ್ಣ ಗಾಜಿನ ಕೊಳವೆಯಲ್ಲಿ ರಕ್ತ ಎಳೆದು, ಒಂದು ಹನಿ ಅದರಲ್ಲಿ ಬಿಡುತ್ತಿದ್ದರು. ಔಷಧ ಹೊಡೆಯುವ ಹುಡುಗ ಬಗ್ಗಿ ನೋಡಿ, "ಇದು ಮೈಲುತುತ್ತ ಅಲ್ರೀ?" ಅಂದ. ಹೌದು, ಅದೇ. ಸುಣ್ಣದ ಜೊತೆ ಕಲಸಿ ನಾವು ದ್ರಾಕ್ಷಿಗೆ ಹೊಡೆಯುವ ಅದೇ ಮೈಲುತುತ್ತ. ಇಲ್ಲಿ ಅದನ್ನು ನೀರಿನಲ್ಲಿ ಅಳತೆಗೆ ಸರಿಯಾಗಿ ಕರಗಿಸಿರುತ್ತಾರೆ. ಹಿಮೋಗ್ಲೋಬಿನ್ 12.5 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಹನಿ ಭಾರ, ತಳಕ್ಕೆ ಇಳಿಯುತ್ತದೆ. ಕಡಿಮೆ ಇದ್ದರೆ ಹಗುರ, ಮೇಲೆಯೇ ನಿಲ್ಲುತ್ತದೆ. ಹದಿನೈದು ಸೆಕೆಂಡ್ ಒಳಗೆ ಗೊತ್ತಾಗುತ್ತದೆ. ಔಷಧ ಹೊಡೆಯುವ ಹುಡುಗರ ಹನಿಗಳು ಕಲ್ಲಿನ ಹಾಗೆ ಮುಳುಗಿದವು.

ನನ್ನ ಸರದಿ ಬಂತು. ನನ್ನ ಹನಿ ನೀಲಿ ನೀರಿನಲ್ಲಿ ಸ್ವಲ್ಪ ಕೆಳಗಿಳಿಯಿತು. ಅರ್ಧಕ್ಕೆ ನಿಂತಿತು. ಆಮೇಲೆ ಮೆಲ್ಲಗೆ ಮೇಲಕ್ಕೆ ಬಂತು. ನಾನು ಉಸಿರು ಹಿಡಿದು ನೋಡುತ್ತಲೇ ಇದ್ದೆ. ಸಣ್ಣ ಯಂತ್ರದಲ್ಲಿ ಇನ್ನೊಮ್ಮೆ ನೋಡಿದರು. 10.2.

ಊರೆಲ್ಲ ತಿರುಗಿ ಜನರನ್ನು ಕೂಡಿಸಿದವಳು ನಾನು. ಮಂಚದ ಮೇಲೆ ಮಲಗುವ ಮೊದಲ ಹೆಣ್ಣುಮಗಳು ನಾನೇ ಆಗಬೇಕು ಅಂದುಕೊಂಡಿದ್ದೆ. ಕಣ್ಣಲ್ಲಿ ನೀರು ಬಂತು. ನನ್ನ ಹಿಂದೆ ಗೆಳತಿ ನಿಂತಿದ್ದಳು, ಅವಳದು 9.8. ಅವಳ ಹಿಂದಿನವಳದೂ ತೇಲಿತು. ಅವತ್ತು ಹೆಸರು ಬರೆಸಿ ಬಂದ ಹೆಂಗಸರು ಹದಿನಾಲ್ಕು. ಹನ್ನೊಂದು ಹನಿ ತೇಲಿದವು. ಸಾಲಿನಲ್ಲಿ ಮಾತು ನಿಂತುಹೋಯಿತು.

ಈ ಗದ್ದಲದಲ್ಲೇ ಒಳಗೆ ಒಬ್ಬ ಹುಡುಗ ಎದ್ದು ನಿಂತವನು ಹಾಗೇ ಕುಸಿದ. ನಾಷ್ಟಾ ಆಗಿದೆ ಅಂತ ಫಾರಂನಲ್ಲಿ ಬರೆದಿದ್ದ, ಆಗಿರಲಿಲ್ಲ. ಕೊಟ್ಟ ಮೇಲೆ ಹತ್ತು ನಿಮಿಷ ಮಲಗು ಅಂದರೂ ಕೇಳದೆ ಎದ್ದಿದ್ದ. ನರ್ಸ್ ಅವನ ಕಾಲು ಎತ್ತಿ ಹಿಡಿದರು, ಎರಡು ನಿಮಿಷಕ್ಕೆ ಕಣ್ಣು ಬಿಟ್ಟು ನೀರು ಕೇಳಿದ. ಆದರೆ ಅಷ್ಟರಲ್ಲಿ 'ಸಾಲಿಯೊಳಗ ಹುಡುಗ ಹೋದ' ಎಂಬ ಸುದ್ದಿ ಅಗಸಿ ದಾಟಿ ಹೋಗಿತ್ತು. ಅವನ ತಾಯಿ ಎದೆ ಬಡಿದುಕೊಂಡು ಓಡಿ ಬಂದರು. ಮಗ ಶೇಂಗಾ ಉಂಡಿ ತಿನ್ನುತ್ತ ಕೂತಿದ್ದ. ಆದರೂ ಸಾಲಿನಲ್ಲಿದ್ದ ಎಂಟು ಮಂದಿ ಮನೆಗೆ ಹೋಗಿಬಿಟ್ಟರು. ಅವರನ್ನು ತಡೆಯಲು ನಮ್ಮಲ್ಲಿ ಯಾರೂ ಹೋಗಲಿಲ್ಲ. ಹೆದರಿದವರನ್ನು ಎಳೆದು ತಂದು ರಕ್ತ ತೆಗೆಯಬಾರದು. ತಪ್ಪು ನಮ್ಮದೇ ಇತ್ತು, ಬಂದವರಿಗೆಲ್ಲ ಮೊದಲು ಉಪ್ಪಿಟ್ಟು ಹಾಕಬೇಕಿತ್ತು.

ಕೊನೆಗೆ 29 ಬಾಟಲಿ ಆದವು. ಬಾಟಲಿ ಅನ್ನುವುದು ರೂಢಿ, ನಿಜಕ್ಕೂ ಅವು ಮೆತ್ತನೆಯ ಚೀಲಗಳು. ದೊಡ್ಡಪ್ಪನ ಚೀಲ ತುಂಬಿದ ಮೇಲೆ ನರ್ಸ್ ಅದನ್ನು ನನ್ನ ಕೈಯಲ್ಲಿ ಒಂದು ಕ್ಷಣ ಇಟ್ಟರು. ಬೆಚ್ಚಗಿತ್ತು, ಈಗಷ್ಟೇ ಮಲಗಿದ ಕೂಸಿನ ಪಾದದ ಹಾಗೆ.

ಹೊರಡುವ ಮುಂಚೆ ಡಾಕ್ಟರ್ ನಮ್ಮ ಹನ್ನೊಂದು ಮಂದಿಯನ್ನು ಕೂರಿಸಿಕೊಂಡರು. "ಕೊಡಾಕ ಆಗಲಿಲ್ಲ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮಗೇ ಕಡಿಮಿ ಅದ ಅಂತ ಇವತ್ತು ಗೊತ್ತಾತಲ್ಲ, ಅದನ್ನ ಬಿಡಬ್ಯಾಡ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಅಕ್ಕಂದು ಹೆರಿಗಿ ಮೊದಲ ಎಷ್ಟಿತ್ತು?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ರಾತ್ರಿ ಮನೆಗೆ ಬಂದು ಟ್ರಂಕು ತೆಗೆದು ಅಕ್ಕನ ತಾಯಿ ಕಾರ್ಡ್ ಹುಡುಕಿದೆ. ಏಳನೇ ತಿಂಗಳ ಸಾಲಿನಲ್ಲಿ ನೀಲಿ ಪೆನ್ನಿನಿಂದ ಬರೆದಿತ್ತು: 8.4. ಅದರ ಕೆಳಗೆ ಒಂದು ಗೆರೆ ಕೂಡ ಎಳೆದಿದ್ದರು. ಆ ಕಾರ್ಡನ್ನು ನಾನೇ ಎಷ್ಟೋ ಸಲ ಚೀಲದಲ್ಲಿ ಹಾಕಿಕೊಂಡು ಅಕ್ಕನ ಜೊತೆ ಹೋಗಿದ್ದೆ. ಕೊಟ್ಟ ಕೆಂಪು ಗುಳಿಗೆಗಳು ಪಾಕೀಟಿನಲ್ಲಿ ಹಾಗೇ ಉಳಿದಿದ್ದವು. ಮೈಯಲ್ಲಿ ರಕ್ತ ಕಡಿಮೆ ಇದ್ದವಳಿಗೆ ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಆಪತ್ತು ಶುರುವಾದದ್ದು ಮಾರ್ಚ್‌ನ ಆ ರಾತ್ರಿ ಅಲ್ಲ. ಎಷ್ಟೋ ವರ್ಷದಿಂದ, ನಮ್ಮ ಅಡುಗೆಮನೆಯಲ್ಲಿ, ಎಲ್ಲರದೂ ಊಟ ಮುಗಿದ ಮೇಲೆ ಉಳಿದದ್ದನ್ನು ಉಣ್ಣಲು ಕೂತ ಹೆಣ್ಣುಮಕ್ಕಳ ತಾಟಿನಲ್ಲಿ ಅದು ಇತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ಓದಿದಾಗ ಅದು ಬರೀ ಅಂಕಿ. ಮೈಲುತುತ್ತದ ಮುಂದೆ ಸಾಲಾಗಿ ನಿಂತಾಗ ಅದು ನಾವೇ.

ಮರುವಾರ ಆಶಾ ಅಕ್ಕಾರನ್ನು ಕರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಡಾಕ್ಟರ್ ಮೊದಲು ಜಂತುಹುಳದ ಗುಳಿಗೆ ಕೊಟ್ಟರು, ಆಮೇಲೆ ದಿನಾ ತೆಗೆದುಕೊಳ್ಳಲು ಕಬ್ಬಿಣಾಂಶದ ಗುಳಿಗೆ. ಶಾಲೆಯಲ್ಲಿ ವಾರಕ್ಕೊಂದು ಕೊಡುತ್ತಿದ್ದ ನೀಲಿ ಗುಳಿಗೆ ನೆನಪಾಯಿತು. ಬಾಯಲ್ಲಿ ಇಟ್ಟುಕೊಂಡು, ಟೀಚರ್ ತಿರುಗಿದ ಮೇಲೆ ಕಿಟಕಿಯಿಂದ ಉಗಿಯುತ್ತಿದ್ದೆವು. ಯಾಕೆ ಅಂದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಹೆದರಿಕೆ ಆಗುತ್ತದೆ. ಕಪ್ಪಾಗುವುದು ಸಹಜ, ರಾತ್ರಿ ಊಟ ಆದ ಮೇಲೆ ತೆಗೆದುಕೊಂಡರೆ ಅಷ್ಟು ತೊಳಸುವುದಿಲ್ಲ ಎಂದು ಆಗಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ನುಂಗುತ್ತಿದ್ದೆವೋ ಏನೋ. ಇನ್ನೊಂದು ಮಾತು, ಚಹಾ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ. ನಮ್ಮ ಮನೆಗಳಲ್ಲಿ ಊಟ ಆದ ಕೂಡಲೇ ಚಹಾ ಬಿಡುವುದು ಗುಳಿಗೆ ನುಂಗುವುದಕ್ಕಿಂತ ಕಷ್ಟ ಆಯಿತು.

ರಾತ್ರಿ ಒಂಬತ್ತಕ್ಕೆ ಫೋನ್‌ನಲ್ಲಿ ಒಬ್ಬರಿಗೊಬ್ಬರು ಕೇಳುತ್ತಿದ್ದೆವು, 'ನುಂಗಿದ್ಯಾ?' ಫೋನ್ ಇಲ್ಲದ ಇಬ್ಬರ ಮನೆಗೆ ಗೆಳತಿ ತಾನೇ ಹೋಗುತ್ತಿದ್ದಳು. ಜೋಳದ ರೊಟ್ಟಿಯ ಜೊತೆ ವಾರಕ್ಕೆ ಮೂರು ದಿನ ಸಜ್ಜೆ ರೊಟ್ಟಿ, ಹಕ್ಕರಕಿ ಸೊಪ್ಪು, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ. ಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ತಾಟಿಗೆ ಬಡಿಸಿಕೊಳ್ಳುವುದನ್ನು ಕಲಿಯಬೇಕಿತ್ತು. ನಾನು ಅವ್ವನನ್ನು ಕೈ ಹಿಡಿದು ಎಲ್ಲರ ಜೊತೆಗೇ ಕೂರಿಸತೊಡಗಿದೆ. ಮೊದಲ ವಾರ ಅಪ್ಪನಿಗೆ ಸರಿ ಅನ್ನಿಸಲಿಲ್ಲ. ಆಮೇಲೆ ತಾವೇ ನೀರು ತುಂಬಿಕೊಳ್ಳತೊಡಗಿದರು.

ಎಲ್ಲ ಸರಳವಾಗಿ ಆಗಲಿಲ್ಲ. ಒಬ್ಬಳ ಅತ್ತೆ, ಗುಳಿಗೆ ತಿಂದರೆ ಮಕ್ಕಳಾಗುವುದಿಲ್ಲ ಎಂದು ಪಾಕೀಟನ್ನೇ ಒಲೆಗೆ ಹಾಕಿದರು. ಇನ್ನೊಬ್ಬಳಿಗೆ ತಿಂಗಳಾದರೂ ಒಂದು ಚೂರೂ ಏರಲಿಲ್ಲ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದೆ ಎಂದು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ವಿಜಯಪುರದಲ್ಲಿ ಹೆಂಗಸರ ಡಾಕ್ಟರ್ ಬಳಿ ತೋರಿಸಿದ ಮೇಲೆ ದಾರಿ ಸಿಕ್ಕಿತು. ಗೆಳತಿ ಇದೆಲ್ಲವನ್ನೂ ಬ್ಲೌಸಿನ ಅಳತೆ ಬರೆಯುವ ತನ್ನ ಉದ್ದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದಳು. ಮುಂದಿನಿಂದ ಎದೆ, ಸೊಂಟ, ತೋಳು. ಹಿಂದಿನಿಂದ ಹಿಮೋಗ್ಲೋಬಿನ್.

ಎರಡನೇ ಶಿಬಿರ 2025ರ ಜನವರಿ 12ಕ್ಕೆ ಇಟ್ಟೆವು. ಭಾನುವಾರ, ಯುವ ದಿನವೂ ಹೌದು. ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆಯ ಹೊತ್ತು, ನಮ್ಮ ಅರ್ಧ ಹುಡುಗರು ಅಲ್ಲಿಗೆ ಹೋಗಿಬಿಡ್ತಾರೆ ಅಂತ ಅಂಜಿಕೆ ಇತ್ತು. ಕೊಟ್ಟು ಆಮೇಲೆ ಹೋದರು. ಈ ಸಲ ಬಾಗಿಲಲ್ಲೇ ಉಪ್ಪಿಟ್ಟು ಇಟ್ಟಿದ್ದೆವು. ತಿಂದವರ ಫಾರಂ ಮೇಲೆ ಮಾತ್ರ ಸಹಿ. ಯಾರೂ ಬೀಳಲಿಲ್ಲ. 41 ಬಾಟಲಿ ಆದವು. ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ದೊಡ್ಡಪ್ಪ ದಿನ ಎಣಿಸಿಕೊಂಡೇ ಬಂದಿದ್ದರು.

ಹನ್ನೊಂದರಲ್ಲಿ ಒಂಬತ್ತು ಮಂದಿ ಮತ್ತೆ ಬೆರಳು ಚಾಚಿದೆವು. ನನ್ನ ಹನಿ ನೀಲಿ ನೀರಿಗೆ ಬಿದ್ದು, ಒಂದು ಗಳಿಗೆ ತಡೆದು, ಆಮೇಲೆ ತಳಕ್ಕೆ ಹೋಗಿ ಕೂತಿತು. ಒಟ್ಟು ಐದು ಹನಿ ಮುಳುಗಿದವು. ಗೆಳತಿಯದು ಮತ್ತೆ ತೇಲಿತು. ಯಂತ್ರದಲ್ಲಿ ನೋಡಿದರೆ 12.1.

ಅವಳು ಅಳಲಿಲ್ಲ. ನಾನು ಮಂಚದ ಮೇಲೆ ಮಲಗಿದಾಗ ಪಕ್ಕದಲ್ಲೇ ಕೂತು, ಕೈಯಲ್ಲಿ ಹಿಡಿದ ರಬ್ಬರ್ ಚೆಂಡು ಅಮುಕು ಎಂದು ನೆನಪಿಸುತ್ತಿದ್ದಳು. ಎಂಟು ನಿಮಿಷಕ್ಕೆ ಮುಗಿಯಿತು. ಅವಳು ನೋಟ್‌ಬುಕ್ ತಿರುವಿ ಹಿಂದಿನ ಹಾಳೆ ತೆಗೆದಳು. ತನ್ನ ಸಾಲಿನಲ್ಲಿ 9.8, 10.6, 11.4 ಆದ ಮೇಲೆ 12.1 ಎಂದು ಬರೆದಳು. ಎದುರಿಗೆ 'ಮೇ' ಎಂದು ಬರೆದು ಸುತ್ತ ಒಂದು ಗೆರೆ ಎಳೆದಳು. "ಸಂಕ್ರಮಣಕ್ಕ ಎರಡು ಬ್ಲೌಸ್ ಕೊಡೂದದ, ನಾ ಹೊಂಟೆ. ನೀ ಹತ್ತು ನಿಮಿಷ ಏಳಬ್ಯಾಡ" ಎಂದು ನನ್ನ ಕೈಗೆ ಒಂದು ಶೇಂಗಾ ಹೋಳಿಗೆ ಕೊಟ್ಟು ಹೋದಳು.